ಮೈಸೂರು ಅಂದರೆ ಓಡುತ್ತದೆ, ಬೆಂಗಳೂರು ಅಂದರೆ ಬೀಳುತ್ತದೆ: ಹೀಪ್ ಮೆಮೊರಿ ತೆರೆದು ನೋಡುವುದು ಹೇಗೆ?

ಬನಶಂಕರಿಯಲ್ಲಿ ನಮ್ಮ ಮಹಡಿ ಮನೆಯ ಎಂಜಿನಿಯರಿಂಗ್ ಹುಡುಗ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಕೆಳಗೆ ಬಂದ. "ಅಣ್ಣಾ, ಮೈಸೂರು ಅಂತ ಕೊಟ್ರೆ ಸರಿಯಾಗಿ ಓಡತ್ತೆ, ಬೆಂಗಳೂರು ಅಂತ ಕೊಟ್ರೆ ಬಿದ್ದೋಗತ್ತೆ. ಎರಡು ದಿನದಿಂದ ನೋಡ್ತಿದೀನಿ, ತಪ್ಪೇ ಸಿಗ್ತಿಲ್ಲ" ಅಂದ. ಪರದೆ ಮೇಲೆ ಒಂದೇ ಸಾಲು: 'ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್'.

ಇಂಥ ತಪ್ಪು ಕೋಡನ್ನೇ ದಿಟ್ಟಿಸುತ್ತಾ ಕೂತರೆ ಸಿಗುವುದು ಕಷ್ಟ. ಮೆಮೊರಿಯನ್ನೇ ತೆರೆದು ನೋಡಬೇಕು. ಅದಕ್ಕೆ ಜಿಡಿಬಿ (ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಡೀಬಗರ್) ಸಾಕು. ಇಲ್ಲಿ ಹೇಳುವುದೆಲ್ಲ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ 64 ಬಿಟ್ ಉಬುಂಟು ಲಿನಕ್ಸ್‌ಗೆ ಹೊಂದುತ್ತದೆ.

ಸಿ ಭಾಷೆಯ ಪ್ರೋಗ್ರಾಂ, ಪುಟ್ಟದು. ಪಿ ಮತ್ತು ಕ್ಯೂ ಅಂತ ಎರಡು ಕ್ಯಾರ್ ಪಾಯಿಂಟರ್, ಅಂದರೆ ಅಕ್ಷರ ತುಂಬುವ ಜಾಗದ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್. ಎರಡಕ್ಕೂ ಒಂದರ ಹಿಂದೆ ಒಂದು ಮಾಲಾಕ್ (ಹೀಪ್‌ನಿಂದ, ಅಂದರೆ ಓಡುವಾಗ ಕೇಳಿ ಪಡೆಯುವ ಮೆಮೊರಿಯಿಂದ, ಜಾಗ ಕೊಡುವ ಫಂಕ್ಷನ್) ಕರೆದು ತಲಾ 24 ಬೈಟ್ ಕೇಳಿದ್ದಾನೆ. ಕಮಾಂಡ್ ಲೈನ್‌ನಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟ ಊರಿನ ಹೆಸರನ್ನು ಸ್ಟ್ರ್‌ಕಾಪಿಯಿಂದ (ಸ್ಟ್ರಿಂಗ್ ನಕಲು ಮಾಡುವ ಫಂಕ್ಷನ್) ಪಿಗೆ ತುಂಬುತ್ತಾನೆ. ಕೊನೆಯಲ್ಲಿ ಎರಡನ್ನೂ ಫ್ರೀ ಮಾಡುತ್ತಾನೆ (ಜಾಗ ವಾಪಸ್ ಕೊಡುತ್ತಾನೆ), ಕ್ಯೂ ಮೊದಲು. ಬೀಳುವುದು ಕ್ಯೂ ಫ್ರೀ ಮಾಡುವಾಗ. ಆದರೆ ಕ್ಯೂ ತಂಟೆಗೆ ಯಾರೂ ಹೋಗೇ ಇಲ್ಲ, ಅಲ್ವಾ?

ಮೊದಲು ಕಂಪೈಲರ್ ಜಿಸಿಸಿಗೆ 'ಮೈನಸ್ ಜಿ' ಮತ್ತು 'ಮೈನಸ್ ದೊಡ್ಡ ಓ ಸೊನ್ನೆ' ಕೊಟ್ಟು ಕಂಪೈಲ್ ಮಾಡಿ. ಇದನ್ನು ಬಿಟ್ಟರೆ ಜಿಡಿಬಿಯಲ್ಲಿ ಸಾಲಿನ ನಂಬರ್ ಆಗಲಿ ವೇರಿಯಬಲ್ ಹೆಸರಾಗಲಿ ಸರಿಯಾಗಿ ಸಿಗುವುದಿಲ್ಲ. ಜಿಡಿಬಿ ತೆರೆದು, ಸ್ಟ್ರ್‌ಕಾಪಿ ಇರುವ ಸಾಲಿಗೆ ಬ್ರೇಕ್ ಹಾಕಿ, 'ರನ್ ಬೆಂಗಳೂರು' ಅನ್ನಿ. ಆ ಸಾಲು ನಡೆಯುವ ಮುಂಚೆ ನಿಲ್ಲುತ್ತದೆ. ಬೇಕಿದ್ದರೆ 'ಇನ್ಫೋ ಪ್ರಾಕ್ ಮ್ಯಾಪಿಂಗ್ಸ್' ಕೊಟ್ಟು ನೋಡಿ, ಹೀಪ್ ಅನ್ನುವ ಸಾಲಿನಲ್ಲಿ 132 ಕೆಬಿ ಜಾಗ ಕಾಣುತ್ತದೆ. ನಾವು ಕೇಳಿದ್ದು ಚೂರು, ಮಾಲಾಕ್ ಒಂದೇ ಸಲ ಜಾಸ್ತಿ ತಂದಿಟ್ಟುಕೊಂಡು ಅದರಿಂದ ತುಂಡು ತುಂಡಾಗಿ ಕೊಡುತ್ತದೆ.

ಈಗ ಮುಖ್ಯ ಕಮಾಂಡ್. ಎಕ್ಸ್, ಸ್ಲ್ಯಾಶ್, 8, ಜಿ, ಎಕ್ಸ್ ಇಷ್ಟನ್ನು ಒಟ್ಟಿಗೆ ಬರೆದು, ಒಂದು ಸ್ಪೇಸ್ ಬಿಟ್ಟು 'ಪಿ ಮೈನಸ್ 16' ಅಂತ ಕೊಡಿ. ಎಂಟೆಂಟು ಬೈಟ್‌ನ ಎಂಟು ಸಂಖ್ಯೆ, ಸಾಲಿಗೆ ಎರಡರಂತೆ ನಾಲ್ಕು ಸಾಲಿನಲ್ಲಿ ಬರುತ್ತವೆ. ಮೊದಲ ಸಾಲಿನ ಬಲಗಡೆ ಹೆಕ್ಸ್‌ನಲ್ಲಿ (16ರ ಲೆಕ್ಕದ ಸಂಖ್ಯೆಯಲ್ಲಿ) 21 ಅಂತ ಇರುತ್ತದೆ. ಇದು ಪಿಯ ಅಳತೆ. ಹೆಕ್ಸ್ 20 ಅಂದರೆ 32 ಬೈಟ್: ಕೇಳಿದ್ದು 24, ಈ ಅಳತೆ ಬರೆಯಲು 8. ಉಳಿದ ಆ ಒಂದು, ಹಿಂದಿನ ತುಂಡು ಬಳಕೆಯಲ್ಲಿದೆ ಅನ್ನುವ ಗುರುತು. ಮೂರನೇ ಸಾಲಿನ ಬಲಗಡೆಯೂ 21 ಇದೆ ನೋಡಿ. ಅದು ಪಿಗೆ ಸೇರಿದ್ದಲ್ಲ, ಪಕ್ಕದ ಕ್ಯೂ ಅಳತೆ. ಸೈಟಿನ ಮೂಲೆಗೆ ಅಳತೆ ಬರೆದು ಕಲ್ಲು ನೆಟ್ಟ ಹಾಗೆ, ಪ್ರತಿ ತುಂಡಿನ ಮುಂದೆಯೂ ಮಾಲಾಕ್ ಹೀಗೊಂದು ಲೆಕ್ಕ ಬರೆದಿಟ್ಟಿರುತ್ತದೆ. ಪಿಯ 24 ಬೈಟ್ ಮುಗಿದ ಕೂಡಲೇ, ಒಂದು ಬೈಟೂ ಜಾಗ ಬಿಡದೆ, ಕ್ಯೂ ಕಲ್ಲು ಶುರು.

'ನೆಕ್ಸ್ಟ್' ಕೊಟ್ಟು ಒಂದು ಸಾಲು ಮುಂದೆ ಹೋಗಿ, ಅದೇ ಕಮಾಂಡ್ ಮತ್ತೆ ಕೊಡಿ. ಮೂರನೇ ಸಾಲಿನ ಬಲಗಡೆ 21 ಇದ್ದದ್ದು ಸೊನ್ನೆ ಆಗಿದೆ. ಹುಡುಗ ಅಲ್ಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡ.

ಬೆಂಗಳೂರು ಅನ್ನುವುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್‌ಗೆ ಬ, ಎತ್ವ, ಸೊನ್ನೆ, ಗ, ಳ, ಊ ಕಾರದ ಕೊಂಬು, ರ, ಉ ಕಾರದ ಕೊಂಬು ಅಂತ ಎಂಟು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್ ಬೇಕು. 'ಬ' ಒಂದಕ್ಕೇ ಹೆಕ್ಸ್‌ನಲ್ಲಿ ಇ0, ಬಿ2, ಎಸಿ. ಎಂಟಕ್ಕೆ ಸರಿಯಾಗಿ 24. ಹುಡುಗ ಇಷ್ಟನ್ನು ಸರಿಯಾಗೇ ಎಣಿಸಿದ್ದ, ಅದಕ್ಕೆ ನನಗೆ ಖುಷಿಯಾಯಿತು. ಬಿಟ್ಟುಹೋಗಿದ್ದು ಸ್ಟ್ರಿಂಗ್‌ನ ಕೊನೆಗೆ ಬರುವ ಸೊನ್ನೆ ಬೈಟ್. ಆ 25ನೆಯದು ಹೋಗಿ ಪಕ್ಕದ ಕಲ್ಲಿನ ಮೇಲೆ ಬಿತ್ತು, ಅಲ್ಲಿನ ಅಳತೆ ಸೊನ್ನೆಯಾದ್ದರಿಂದ ಫ್ರೀ ಕ್ಯೂವನ್ನು ಒಪ್ಪಲಿಲ್ಲ. ಮೈಸೂರು 18 ಬೈಟ್, ಸೊನ್ನೆ ಸೇರಿದರೂ 19, ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ. ನಾವು 20 ಬೈಟ್ ಕೇಳಿದರೂ ಮಾಲಾಕ್ ಬಳಸಲು 24 ಕೊಡುವುದರಿಂದ ಇಂಥ ತಪ್ಪುಗಳು ಎಷ್ಟೋ ಸಲ ಸುಮ್ನೆ ಅಡಗಿ ಕೂತಿರುತ್ತವೆ.

ದೊಡ್ಡ ಪ್ರೋಗ್ರಾಂನಲ್ಲಿ ಯಾವ ಸಾಲು ಅಳಿಸಿತು ಅಂತ ಗೊತ್ತಿರುವುದಿಲ್ಲ. ಆಗ ವಾಚ್ ಹಾಕಿ. ಪಿ ಮತ್ತು ಕ್ಯೂ ಎರಡೂ ಸಿಕ್ಕ ಮೇಲೆ, 'ವಾಚ್ ಮೈನಸ್ ಎಲ್' ಅಂತ ಬರೆದು, ಪಿ ಪ್ಲಸ್ 24ನ್ನು ಲಾಂಗ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ ಮುಂದೊಂದು ನಕ್ಷತ್ರ ಹಾಕಿ ಕೊಟ್ಟು, 'ಕಂಟಿನ್ಯೂ' ಅನ್ನಿ. ಆ ಜಾಗದ ಬೆಲೆ ಬದಲಾದ ಕ್ಷಣವೇ ಜಿಡಿಬಿ ನಿಂತು ಹಳೆಯದು 33, ಹೊಸದು 0 ಅಂತ ತೋರಿಸುತ್ತದೆ (33 ಅಂದರೆ ಅದೇ ಹೆಕ್ಸ್ 21). 'ಬಿಟಿ' ಕೊಟ್ಟರೆ ಯಾರು ಯಾರನ್ನು ಕರೆದು ಅಲ್ಲಿಗೆ ಬಂದರು ಅಂತ ಪೂರ್ತಿ ಸಿಗುತ್ತದೆ. ನನ್ನ ಪ್ರಕಾರ ಜಿಡಿಬಿಯಲ್ಲಿ ಕಲಿಯಲೇಬೇಕಾದ ಕಮಾಂಡ್ ಇದು. ಕಂಪೈಲ್ ಮಾಡುವಾಗಲೇ ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹುಡುಕುವ ಕಂಪೈಲರ್ ಸೌಲಭ್ಯ) ಹಾಕಿದರೆ ಅದು ತಾನಾಗೇ ತಪ್ಪು ಹಿಡಿದುಕೊಡುತ್ತದೆ, ನಿಜ. ಅದನ್ನೂ ಬಳಸಿ. ಆದರೂ ಒಂದು ಸಲ ಕಣ್ಣಾರೆ ನೋಡಿದ್ದು ಮರೆಯುವುದಿಲ್ಲ.

ಹುಡುಗ 24 ತೆಗೆದು, ಸ್ಟ್ರ್‌ಲೆನ್ ಕೊಟ್ಟ ಉದ್ದಕ್ಕೆ ಒಂದು ಸೇರಿಸಿ ಪಿಗೆ ಜಾಗ ಕೇಳಿದ. ಮತ್ತೆ ಓಡಿಸಿದೆವು. ಮೊದಲ ಸಾಲಿನ ಬಲಗಡೆ ಈಗ 31, ಅಂದರೆ 48 ಬೈಟ್‌ನ ತುಂಡು. ಕ್ಯೂ ಅಳತೆ ನಾಲ್ಕನೇ ಸಾಲಿಗೆ ಸರಿದಿತ್ತು. ಸ್ಟ್ರ್‌ಕಾಪಿ ದಾಟಿದ ಮೇಲೂ ಅಲ್ಲಿ 21 ಹಾಗೇ ಇತ್ತು.