ಸೌಂಡ್ ಡೆಸ್ಕಿನ ಪಕ್ಕ ನಾಲ್ಕು ಸೀಟು

ನಾನು ಬೇಸ್ ಗಿಟಾರ್ ನುಡಿಸುವವನು. 11 ವರ್ಷದಿಂದ ಒಂದು ಬ್ಯಾಂಡ್ ಜೊತೆ ಊರೂರು ಸುತ್ತುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಮನೆಯವರು ನನ್ನ ಕಾರ್ಯಕ್ರಮಕ್ಕೆ ಬಂದಿದ್ದು ಎರಡೇ ಸಲ. ಮೊದಲನೇ ಸಲ ನಾನೇ ಕೆಡಿಸಿಕೊಂಡೆ. ಎರಡನೇ ಸಲ ಪರವಾಗಿಲ್ಲ ಅನ್ನುವ ಹಾಗಾಯಿತು.

ಅಮ್ಮನಿಗೆ ನಾನು ಏನು ನುಡಿಸುತ್ತೇನೆ ಅನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ. ಅದು ಅವಳ ತಪ್ಪಲ್ಲ ಬಿಡಿ. ನಮ್ಮ ಹಾಡುಗಳನ್ನೆಲ್ಲ ಅವಳು ಕೇಳಿದ್ದು ಫೋನಿನಲ್ಲಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟಾಣಿ ಸ್ಪೀಕರಿನಿಂದ ಅಷ್ಟು ಕೆಳಗಿನ ಸ್ವರ ಹೊರಡುವುದೇ ಇಲ್ಲ. ವಿಡಿಯೋದಲ್ಲಿ ನಾನು ಕಾಣುತ್ತೇನೆ, ಆದರೆ ಹೆಚ್ಚುಕಮ್ಮಿ ಕೇಳಿಸುವುದಿಲ್ಲ. ಒಂದು ಸಲ ಹೊಗಳಲೇಬೇಕು ಅಂತ ಹೊಗಳಿದ್ದಳು: "ಚೆನ್ನಾಗಿ ನಿಂತಿದ್ದೆ ಕಣೋ."

ಮೊದಲ ಸಲ ಅಪ್ಪ, ಅಮ್ಮ, ಹೆಂಡತಿ, ಮಗಳು ನಾಲ್ಕೂ ಜನರನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದ್ದೆ. ನನ್ನ ಮನೆಯವರು, ಮುಂದೆಯೇ ಕೂರಲಿ ಅನ್ನುವ ಜಂಬ. ಮುಂದಿನ ಸಾಲಿನಲ್ಲಿ ಸೌಂಡ್ ಕೆಟ್ಟದಾಗಿರುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಹಾಡುವವಳ ದನಿ ದೊಡ್ಡ ಸ್ಪೀಕರುಗಳಿಂದ ಹೊರಟು ಅವರ ತಲೆ ಮೇಲೆ ಹಾದುಹೋಗುತ್ತದೆ. ವೇದಿಕೆಯಿಂದ ಡ್ರಮ್ಮು ಹಸಿಹಸಿಯಾಗಿ ಮುಖಕ್ಕೆ ಬಡಿಯುತ್ತದೆ. ವೇದಿಕೆಯ ಕೆಳಗಿರುವ ಸಬ್‌ವೂಫರುಗಳು, ಅಂದರೆ ಕೆಳಗಿನ ಸ್ವರಗಳಿಗೇ ಇರುವ ದೊಡ್ಡ ಸ್ಪೀಕರುಗಳು, ಕಾಲಿನ ಹತ್ತಿರವೇ ಗುಡುಗುತ್ತವೆ. ಗೊತ್ತಿದ್ದೂ ಕೂರಿಸಿದೆ.

ನನಗೂ ಅದು ಕೆಟ್ಟ ಜಾಗವಾಗಿತ್ತು. ಲೈಟು ಕಣ್ಣಿಗೆ ಹೊಡೆಯುವುದರಿಂದ ವೇದಿಕೆ ಮೇಲಿರುವವರಿಗೆ ಸಭಾಂಗಣ ಬರೀ ಕತ್ತಲು. ಆದರೆ ಮೊದಲ ಒಂದೆರಡು ಸಾಲಿಗೆ ವೇದಿಕೆಯ ಬೆಳಕು ಚೆಲ್ಲುತ್ತದೆ, ಅಲ್ಲಿರುವವರ ಮುಖ ಕಾಣುತ್ತದೆ. ಸಾವಿರ ಅಪರಿಚಿತರ ಮುಂದೆ ಇಲ್ಲದ ನಡುಕ ಆ ನಾಲ್ಕು ಮುಖದ ಮುಂದೆ ಬಂತು. ಅಪ್ಪ ಆಕಳಿಸಿದರು, ನೋಡಿದೆ. ಹೆಂಡತಿ ಬಗ್ಗಿ ಏನೋ ಹುಡುಕಿದಳು, ನೋಡಿದೆ. ಮೂರನೇ ಹಾಡಿಗೆ ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಆಗ ಅವಳಿಗೆ 5 ವರ್ಷ. ನನ್ನ ಕಣ್ಣು ಅಲ್ಲೇ ನೆಟ್ಟಿತು.

ಪಲ್ಲವಿ ಎರಡು ಸಲ ಬರಬೇಕಿತ್ತು. ನಾನು ಒಂದೇ ಸಲಕ್ಕೆ ಚರಣಕ್ಕೆ ಹೋಗಿಬಿಟ್ಟೆ.

ಗಿಟಾರಿನವನು ತಪ್ಪಿದರೆ ಗಿಟಾರ್ ತಪ್ಪಿತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಬೇಸ್ ತಪ್ಪಿದರೆ ಹಾಗಲ್ಲ. ಮೇಲೆ ಎಲ್ಲರೂ ಸರಿಯಾಗಿಯೇ ನುಡಿಸುತ್ತಿರುತ್ತಾರೆ, ಕೆಳಗಿನ ಸ್ವರ ಬದಲಾದ ಕೂಡಲೇ ಇಡೀ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬೇರೆಯಾಗಿ ಕೇಳಿಸುತ್ತದೆ. ಪಾಪ, ಹಾಡುವವಳೇ ಅಪಶ್ರುತಿ ಹಾಡಿದಳೇನೋ ಅನ್ನಿಸುತ್ತದೆ. ಡ್ರಮ್ಮರ್ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಆದಮೇಲೆ ಸೇರಿಕೊಂಡೆ. ಆಮೇಲೆ ರೆಕಾರ್ಡಿಂಗ್ ಕೇಳಿದರೆ, ಕ್ಲಿಕ್ (ಲಯ ಹಿಡಿಯಲು ಕಿವಿಯಲ್ಲಿ ಕೇಳಿಸುವ ಟಿಕ್ ಟಿಕ್) ಇಲ್ಲದೆ ನುಡಿಸಿದ ಒಂದು ಹಾಡು ನಿಮಿಷಕ್ಕೆ 92 ಬೀಟ್ ಇರಬೇಕಾದದ್ದು 98ಕ್ಕೆ ಓಡಿತ್ತು. ಓಡಿಸಿದವನು ನಾನೇ. ಎದೆಬಡಿತ ಜಾಸ್ತಿಯಾದಾಗ ಸರಿಯಾದ ಲಯವೂ ನಿಧಾನ ಅನ್ನಿಸುತ್ತದೆ.

ಒಂದೂವರೆ ವರ್ಷ ಯಾರನ್ನೂ ಕರೆಯಲಿಲ್ಲ. ಮತ್ತೆ ಕರೆದಾಗ ನಮ್ಮ ಸೌಂಡ್ ಎಂಜಿನಿಯರ್ ಹತ್ತಿರ ಮೊದಲೇ ಕೇಳಿಕೊಂಡೆ. "ನನ್ನ ಪಕ್ಕ ಕೂರಿಸು ಮಾರಾಯ, ನಾನು ಅಲ್ಲಿ ಕೂತು ತಾನೇ ಮಿಕ್ಸ್ ಮಾಡೋದು" ಅಂದ. ಹೌದಲ್ವಾ! ಅವನ ಕಿವಿಗೆ ಸರಿ ಅನ್ನಿಸುವ ಹಾಗೆ ಎಲ್ಲವನ್ನೂ ಹೊಂದಿಸುತ್ತಾನೆ, ಅಂದಮೇಲೆ ಅವನ ಅಕ್ಕಪಕ್ಕದ ಸೀಟಿಗಿಂತ ಒಳ್ಳೆಯದು ಎಲ್ಲಿದೆ? ನನಗೆ ಇನ್ನೊಂದು ಲಾಭವೂ ಆಯಿತು. ಅವನ ಮಿಕ್ಸರ್, ಅಂದರೆ ಸೌಂಡ್ ಡೆಸ್ಕಿನ ಮೇಲೆ ಒಂದು ಸಣ್ಣ ದೀಪ ಇರುತ್ತದೆ. ವೇದಿಕೆಯಿಂದ ನೋಡಿದರೆ ಆ ಕತ್ತಲಲ್ಲಿ ಕಾಣುವುದು ಅದೊಂದೇ. ಮುಖ ಕಾಣುವುದಿಲ್ಲ, ಆಕಳಿಕೆ ಕಾಣುವುದಿಲ್ಲ, ಆದರೆ ಎಲ್ಲಿದ್ದಾರೆ ಅಂತ ಗೊತ್ತು. ಹುಡುಕುವ ಕೆಲಸ ತಪ್ಪಿತು.

ಮಗಳಿಗೆ ಮಕ್ಕಳ ಅಳತೆಯ ಇಯರ್‌ಮಫ್, ಅಂದರೆ ಸದ್ದು ತಡೆಯಲು ಕಿವಿಯನ್ನು ಹೊರಗಿನಿಂದ ಮುಚ್ಚುವಂಥದ್ದು, ತಂದೆ. ಕಿವಿಯೊಳಗೆ ಇಡುವ ಸ್ಪಂಜಿನ ಬಿರಡೆ ಚಿಕ್ಕ ಮಕ್ಕಳ ಕಿವಿಗೆ ಸರಿಯಾಗಿ ಕೂರುವುದಿಲ್ಲ. ಇದರಲ್ಲಿ ಮಾತ್ರ ಉದಾಸೀನ ಬೇಡ. ಕೆಲಸದ ಜಾಗದಲ್ಲಿ ದೊಡ್ಡವರಿಗೇ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ ಅನ್ನುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ 15 ನಿಮಿಷ ಅಷ್ಟೆ. ನಮ್ಮಂಥ ಬ್ಯಾಂಡು 100 ಮುಟ್ಟುವುದು ಏನೂ ಕಷ್ಟವಲ್ಲ. ಹೋದ ಸಲ ಅವಳು ಕಿವಿ ಮುಚ್ಚಿಕೊಂಡದ್ದು ಹಟಕ್ಕಲ್ಲ, ಅದು ಸರಿಯೇ ಇತ್ತು.

ಇನ್ನೊಂದು ಕೆಲಸ ಮಾಡಿದೆ. ಅವರನ್ನು ಸೌಂಡ್ ಚೆಕ್ ಹೊತ್ತಿಗೇ, ಅಂದರೆ ಕಾರ್ಯಕ್ರಮಕ್ಕೆ ಮುಂಚೆ ನಾವು ಸೌಂಡ್ ಸರಿನೋಡುವಾಗಲೇ, ಕರೆದುಕೊಂಡು ಬಂದೆ. ಕಾರ್ಯಕ್ರಮ ಮುಗಿದ ಮೇಲೆ ನಾನು ಯಾರಿಗೂ ಸಿಗುವುದಿಲ್ಲ. ಕೇಬಲ್ ಸುತ್ತಬೇಕು, ಡಬ್ಬ ತುಂಬಬೇಕು, ಬಸ್ಸು ಕಾಯುತ್ತಿರುತ್ತದೆ. ಮನೆಯವರಿಗೆ ಸಮಯ ಕೊಡುವುದಾದರೆ ಅದು ಮುಂಚೆಯೇ. ಖಾಲಿ ಸಭಾಂಗಣದಲ್ಲಿ ಅಪ್ಪ ಕುರ್ಚಿಗಳನ್ನು ಎಣಿಸುತ್ತಾ ಓಡಾಡಿದರು. ಅಮ್ಮ ವೇದಿಕೆ ಮೇಲೆ ಬಂದು ನನ್ನ ಆಂಪ್ ಪಕ್ಕ ನಿಂತಳು.

"ಇದರ ಮೇಲೆ ಕೈ ಇಡು" ಅಂದೆ.

ಸ್ಪೀಕರ್ ಡಬ್ಬದ ಮೇಲೆ ಅಂಗೈ ಇಟ್ಟಳು. ಆ ದಪ್ಪ ತಂತಿಯನ್ನು ಸುಮ್ನೆ ಒಂದು ಸಲ ಮೀಟಿ ಬಿಟ್ಟೆ. ಶಾಕ್ ಹೊಡೆದವರ ಹಾಗೆ ಕೈ ಎಳೆದುಕೊಂಡಳು. ಆಮೇಲೆ ನಗುತ್ತಾ ಮತ್ತೆ ಇಟ್ಟಳು, ಈ ಸಲ ಎರಡೂ ಕೈ. ಸ್ವರ ಪೂರ್ತಿ ಅಡಗುವವರೆಗೂ ತೆಗೆಯಲಿಲ್ಲ. "ಇದಾ ನಿಂದು?" ಅಂದಳು. ಡ್ರಮ್ಮರ್ ಇನ್ನೊಂದು ಕಡೆಯಿಂದ, "ತಪ್ಪದೆ ನುಡಿಸಿದರೆ ಅದೇ ಅಮ್ಮಾ" ಅಂದ.

ಆ ರಾತ್ರಿ ತಪ್ಪೇ ಆಗಲಿಲ್ಲ ಅಂತಲ್ಲ. ಎರಡು ಕಡೆ ಸ್ವರ ಜಾರಿತು, ಯಾರಿಗೂ ಗೊತ್ತಾಗಲಿಲ್ಲ. ಲಯ ಓಡಲಿಲ್ಲ, ಅದೇ ದೊಡ್ಡದು. ಹಾಡು ಮುಗಿದಾಗಲೆಲ್ಲ ಆ ಸಣ್ಣ ದೀಪದ ಕಡೆ ಒಂದು ಸಲ ನೋಡಿ ಮುಂದಿನ ಹಾಡಿಗೆ ಹೋದೆ.

ಮುಗಿದ ಮೇಲೆ ಕೇಬಲ್ ಸುತ್ತುತ್ತಿದ್ದಾಗ ಮಗಳು ಓಡಿ ಬಂದಳು. ಇಯರ್‌ಮಫ್ ಇನ್ನೂ ತಲೆ ಮೇಲೇ ಇತ್ತು. ವೇದಿಕೆ ಮೇಲಿದ್ದಷ್ಟು ಹೊತ್ತು ನನ್ನ ಎರಡೂ ಕಿವಿಯಲ್ಲಿ ಇನ್-ಇಯರ್ ಮಾನಿಟರ್, ಅಂದರೆ ನುಡಿಸುವಾಗ ನಮಗೆ ಬೇಕಾದ್ದನ್ನು ಕೇಳಿಸುವ ಇಯರ್‌ಫೋನ್, ತುರುಕಿರುತ್ತದೆ. ಡ್ರಮ್ಮು, ಕ್ಲಿಕ್, ಹಾಡುವವಳ ದನಿ, ನನ್ನ ಬೇಸ್ ಇಷ್ಟು ಬಿಟ್ಟರೆ ಚಪ್ಪಾಳೆ ಕೂಡ ದೂರದಲ್ಲಿ ಮಳೆ ಬಂದ ಹಾಗೆ.

"ಅಪ್ಪಾ, ನಾನು ನಿನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು ಪುಟ್ಟಿ" ಅಂದೆ.