ಹಾಳುಬಿದ್ದ ಬಿಸಿನೀರಿನ ಊರಿನ ಚರಿತ್ರೆ ಓದುವುದು ಹೇಗೆ

ನನ್ನ ತಂಗಿ ಮಗಳು ಕುಟೈಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಕುಟೈಸಿ ಇರುವುದು ಜಾರ್ಜಿಯಾದಲ್ಲಿ. ಅಮೆರಿಕದ ಜಾರ್ಜಿಯಾ ಅಲ್ಲ, ಕಪ್ಪು ಸಮುದ್ರದ ಪಕ್ಕದ ಪುಟ್ಟ ದೇಶ. ಅವಳನ್ನು ನೋಡಲು ಹೋಗಿ ಮೂರು ವಾರ ಇದ್ದು ಬಂದೆ. ಒಂದು ಭಾನುವಾರ ಇಬ್ಬರೂ ಮಾರ್ಶ್ರುಟ್ಕಾ ಹತ್ತಿದೆವು. ಅದು ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ತ್ಸ್ಕಲ್ಟುಬೊ ಅನ್ನುವ ಬಿಸಿನೀರಿನ ಬುಗ್ಗೆಗಳ ಊರು ಬಂತು. ಸಣ್ಣ ನದಿಯೊಂದರ ಕಣಿವೆ, ಸುತ್ತ ಹಸಿರು ಗುಡ್ಡ. ಗುಡ್ಡದ ಮೇಲೆಲ್ಲ ಅರಮನೆಯಂಥ ಕಟ್ಟಡಗಳು. ಕಿಟಕಿಗೆ ಗಾಜಿಲ್ಲ, ಮಹಡಿಯಿಂದ ಮರ ಬೆಳೆದಿದೆ.

‘ದೊಡ್ಡಮ್ಮ, ಇಷ್ಟು ದೊಡ್ಡ ಊರನ್ನ ಯಾಕೆ ಹೀಗೆ ಬಿಟ್ಟು ಹೋದ್ರು?’ ಅಂದಳು.

ಬೆಂಗಳೂರಿನಿಂದ ಆ ದೇಶಕ್ಕೆ ಓದಲು ಹೋಗುವ ಮಕ್ಕಳು ಈಗ ಜಾಸ್ತಿ. ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರೂ ಈ ಊರಿಗೆ ಹೋಗುತ್ತಾರೆ, ನಾಲ್ಕು ಫೋಟೊ ತೆಗೆದು ವಾಪಸ್ ಬರುತ್ತಾರೆ. ಸ್ವಲ್ಪ ಕ್ರಮ ಗೊತ್ತಿದ್ದರೆ ಒಂದೇ ದಿನದಲ್ಲಿ ಆ ಊರಿನ ನೂರು ವರ್ಷ ಓದಿಕೊಂಡು ಬರಬಹುದು. ನಾನು 31 ವರ್ಷ ನೀರು ಸರಬರಾಜಿನ ಕೆಲಸ ಮಾಡಿದವಳು. ಹಾಗಾಗಿ ನನ್ನ ಕ್ರಮ ನೀರಿನಿಂದಲೇ ಶುರುವಾಗುತ್ತದೆ.

ಮೊದಲು ಹೆಸರು ನೋಡಿ. ಜಾರ್ಜಿಯನ್ ಭಾಷೆಯಲ್ಲಿ ‘ತ್ಸ್ಕಾಲಿ’ ಅಂದರೆ ನೀರು. ಆ ದೇಶದ ರಾಜಧಾನಿ ಟಿಬಿಲಿಸಿಯ ಹೆಸರು ಬಂದದ್ದು ‘ಬೆಚ್ಚಗೆ’ ಅನ್ನುವ ಪದದಿಂದ, ಅಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಗಳಿವೆ. ನಮ್ಮಲ್ಲೂ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಊರಿನ ಹೆಸರಲ್ಲೇ ನೀರಿದ್ದರೆ ಊರು ಹುಟ್ಟಿದ್ದು ಆ ನೀರಿಗಾಗಿ ಅಂತ ಧೈರ್ಯವಾಗಿ ಅಂದುಕೊಂಡು ಮುಂದೆ ಹೋಗಬಹುದು.

ಆಮೇಲೆ ನೀರನ್ನು ಮುಟ್ಟಿ ನೋಡಿ. ಈ ಹಂತ ಬಿಟ್ಟರೆ ಮಿಕ್ಕಿದ್ದು ಅರ್ಥವಾಗುವುದಿಲ್ಲ. ತ್ಸ್ಕಲ್ಟುಬೊದ ಬುಗ್ಗೆಯ ನೀರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೈಯ ಬಿಸಿ 37, ಅಂದರೆ ಈ ನೀರು ಉಗುರುಬೆಚ್ಚಗೆ. ಹಬ್ಬದ ಎಣ್ಣೆಸ್ನಾನಕ್ಕೆ ನಾವು ಹಂಡೆ ನೀರಿಗೆ ತಣ್ಣೀರು ಬೆರೆಸಿ ಹದ ಮಾಡುತ್ತೇವಲ್ಲ, ಇಲ್ಲಿ ಆ ಕೆಲಸವೇ ಇಲ್ಲ. ಕಾಯಿಸಬೇಕಿಲ್ಲ, ಆರಿಸಬೇಕಿಲ್ಲ. ಬುಗ್ಗೆಯಿಂದ ನೇರವಾಗಿ ಕೊಳಕ್ಕೆ ಬಂದು ಹರಿದು ಹೋಗುತ್ತದೆ. ಬಾಯ್ಲರ್ ಬೇಡ, ಸೌದೆ ಬೇಡ, ಕರೆಂಟು ಬೇಡ. ನೀರಿನ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡ ವರ ಅಂತ ಗೊತ್ತು.

ಇನ್ನೊಂದು ಗುಟ್ಟು ಇದೆ. ಈ ನೀರಿನಲ್ಲಿ ರೇಡಾನ್ ಅನ್ನುವ ಅನಿಲ ಕರಗಿರುತ್ತದೆ. ಅದು ಸುಮಾರು 3.8 ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ನೀರನ್ನು ಕಲಕಿದರೆ ಗಾಳಿಗೆ ಹಾರಿಯೂ ಹೋಗುತ್ತದೆ. ಜಾರ್ಜಿಯಾ ಆಗ ಸೋವಿಯತ್ ಒಕ್ಕೂಟದಲ್ಲಿತ್ತು, ರಾಜಧಾನಿ ಮಾಸ್ಕೋ. ಆದರೆ ಈ ನೀರನ್ನು ಬಾಟಲಿಗೆ ತುಂಬಿ ಮಾಸ್ಕೋಗೆ ಕಳಿಸಿ ಪ್ರಯೋಜನವಿಲ್ಲ. ಮಾಸ್ಕೋದವರೇ ನೀರಿನ ಹತ್ತಿರ ಬರಬೇಕು. ಬಂದವರು ಉಳಿಯಬೇಕು. ಉಳಿಯಲು ಕಟ್ಟಡ ಬೇಕು, ಬರಲು ರೈಲು ಬೇಕು. ಇಡೀ ಊರು ಎದ್ದು ನಿಂತದ್ದು ಈ ಕಾರಣಕ್ಕೆ. ಕೀಲುನೋವು, ಚರ್ಮರೋಗ, ನರದ ತೊಂದರೆ ಅಂತ ಬಂದವರನ್ನು ಅಲ್ಲಿನ ವೈದ್ಯರು ಕೊಳದಲ್ಲಿ ಕೂರಿಸುತ್ತಿದ್ದರು. ನೀವು ಇಳಿಯಬೇಕೆಂದಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ನಾನು ಬರೀ ಕೈ ಅದ್ದಿದೆ.

ಈಗ ನಕ್ಷೆ. ಒಂದು ಹಾಳೆ ಮೇಲೆ ನೀವೇ ಬರೆಯಿರಿ, ಫೋನಿನದು ಸಾಲದು. ನಡುವೆ ದೊಡ್ಡ ಪಾರ್ಕು, ಪಾರ್ಕಿನೊಳಗೆ ಸ್ನಾನಗೃಹಗಳು, ಸುತ್ತಲಿನ ಇಳಿಜಾರಿನಲ್ಲಿ ಉಂಗುರದ ಹಾಗೆ ಸ್ಯಾನಿಟೋರಿಯಂಗಳು, ಅಂದರೆ ಚಿಕಿತ್ಸೆಗೆ ಬಂದವರು ಉಳಿಯುವ ದೊಡ್ಡ ಕಟ್ಟಡಗಳು. ಬುಗ್ಗೆ ಇರುವಲ್ಲೇ ಸ್ನಾನಗೃಹ ಕಟ್ಟಬೇಕು, ಅದನ್ನು ಸರಿಸುವ ಹಾಗಿಲ್ಲ. ಮಲಗುವ ಕೋಣೆಯನ್ನು ಮಾತ್ರ ಗಾಳಿ, ಮರ ನೋಡಿಕೊಂಡು ಎಲ್ಲಿ ಬೇಕಾದರೂ ಕಟ್ಟಬಹುದು. ನಕ್ಷೆ ಬರೆದಾಗ ಇದು ತಾನಾಗೇ ಕಾಣುತ್ತದೆ. ಸ್ಯಾನಿಟೋರಿಯಂನಿಂದ ಪಾರ್ಕಿಗೆ ಇಳಿಯುವ ಅಗಲವಾದ ಮೆಟ್ಟಿಲುಗಳನ್ನೂ ಗುರುತು ಹಾಕಿ.

ಮುಂದೆ, ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು? ಬೋರ್ಡು ಓದಿ. ‘ಮೆಟಲುರ್ಗಿ’ ಅಂದರೆ ಲೋಹದ ಕಾರ್ಖಾನೆಯವರದ್ದು. ‘ಶಾಖ್ತಿಯೋರಿ’ ಅಂದರೆ ಗಣಿಯವರದ್ದು. ಸೈನ್ಯಕ್ಕೇ ಬೇರೆ ಒಂದಿತ್ತು. ಸೋವಿಯತ್ ಒಕ್ಕೂಟದ 1936ರ ಸಂವಿಧಾನದ 119ನೇ ವಿಧಿಯಲ್ಲಿ ವಿಶ್ರಾಂತಿಯನ್ನು ಹಕ್ಕು ಅಂತ ಬರೆದಿದ್ದರು, ಸಂಬಳದ ರಜೆ, ಸ್ಯಾನಿಟೋರಿಯಂಗಳ ಸಮೇತ. ಕಾರ್ಮಿಕ ಸಂಘ ‘ಪುತ್ಯೋವ್ಕಾ’ ಅನ್ನುವ ಚೀಟಿ ಕೊಡುತ್ತಿತ್ತು. ಚೀಟಿ ಹಿಡಿದು ಬಂದರೆ ಊಟ, ಕೋಣೆ, ವೈದ್ಯರು, ಸ್ನಾನ ಎಲ್ಲ ಸೇರಿತ್ತು. ಮಾಸ್ಕೋದಿಂದ ನೇರ ರೈಲು ಇತ್ತು. ವರ್ಷಕ್ಕೆ ಸುಮಾರು 1,25,000 ಜನ ಬರುತ್ತಿದ್ದರು. ಗಣಿಯಲ್ಲಿ ಕಲ್ಲಿದ್ದಲು ಒಡೆಯುವವನು ಅಮೃತಶಿಲೆಯ ಕಂಬಗಳ ನಡುವೆ ನಡೆದು ಸ್ನಾನಕ್ಕೆ ಹೋಗುತ್ತಿದ್ದ ಅನ್ನುವುದು ನನ್ನ ಮನಸ್ಸಿಗೆ ತುಂಬ ತಟ್ಟಿತು. ಆ ಸರ್ಕಾರ ಮಾಡಿದ ಕ್ರೌರ್ಯ ನನಗೆ ಗೊತ್ತಿದೆ. ಆದರೂ ಇದನ್ನು ಬಿಟ್ಟು ಬರೆಯಬಾರದು.

ಕಟ್ಟಡದ ವಯಸ್ಸು ಹಿಡಿಯಲು ಸುಲಭದ ದಾರಿ ಇದೆ. ಕಂಬ, ಕಮಾನು, ಹೂಬಳ್ಳಿ, ಕೆತ್ತನೆ ಕಂಡರೆ ಸಾಮಾನ್ಯವಾಗಿ ಸ್ಟಾಲಿನ್ ಕಾಲದ ಶೈಲಿಯದ್ದು. 1955ರ ನವೆಂಬರಿನಲ್ಲಿ ಕಟ್ಟಡಗಳಿಗೆ ಅನಗತ್ಯ ಅಲಂಕಾರ ಬೇಡ ಅಂತ ಆದೇಶ ಬಂತು. ಆಮೇಲಿನವು ಹೆಚ್ಚಾಗಿ ಬೋಳು ಕಾಂಕ್ರೀಟಿನ ಉದ್ದುದ್ದ ಪೆಟ್ಟಿಗೆಗಳು. ಹಳೆಯ ಸ್ಯಾನಿಟೋರಿಯಂ ಒಂದರ ಕಂಬಸಾಲಿನ ಮುಂದೆ ನಿಂತು, ಆಮೇಲೆ ಕಾಂಕ್ರೀಟಿನದೊಂದರ ಮುಂದೆ ನಿಂತು ನೋಡಿ. ಎರಡರ ನಡುವೆ ಆ ವರ್ಷ ಕಾಣುತ್ತದೆ. ಪಾರ್ಕಿನ 6ನೇ ನಂಬರಿನ ಸ್ನಾನಗೃಹವನ್ನೂ ತಪ್ಪಿಸಬೇಡಿ. ಅದರ ಹೊರಗೋಡೆಯಲ್ಲಿ ಸ್ಟಾಲಿನ್‌ನ ಉಬ್ಬುಚಿತ್ರ ಇನ್ನೂ ಇದೆ. ಅವನು ಹುಟ್ಟಿದ್ದೂ ಜಾರ್ಜಿಯಾದ ಗೋರಿಯಲ್ಲೇ.

ಒಳಗೆ ಹೋಗುವಾಗ ಎಚ್ಚರ. ಸ್ಯಾನಿಟೋರಿಯಂಗಳು ಮುಚ್ಚಿದ ಮೇಲೆ ಕಬ್ಬಿಣ, ಪೈಪು, ಮರದ ನೆಲಹಾಸು ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದಾರೆ. ಮೆಟ್ಟಿಲಿಗೆ ಕಂಬಿ ಇಲ್ಲ. ಲಿಫ್ಟಿನ ಗುಂಡಿ ಬಾಯ್ತೆರೆದುಕೊಂಡಿರುತ್ತದೆ. ಗೋಡೆಯ ಬದಿಯಲ್ಲೇ ನಡೆಯಿರಿ, ಕೋಣೆಯ ನಡುವೆ ಬೇಡ. ನೀರು ಇಳಿದು ಕಪ್ಪಾದ ಛಾವಣಿಯ ಕೆಳಗೆ ನಿಲ್ಲಲೇಬೇಡಿ, ಒಳಗಿನ ಸರಳು ತುಕ್ಕು ಹಿಡಿದಿರುತ್ತದೆ. ಒಬ್ಬರೇ ಹೋಗಬೇಡಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡನೇ ಮಹಡಿಯಲ್ಲಿ ಬಾಗಿಲಿಗೆ ಹಾಕಿದ್ದ ಕಂಬಳಿಯನ್ನು ಸರಿಸಿದೆ. ಒಳಗೆ ಒಲೆ, ಪಾತ್ರೆ, ಹಗ್ಗದ ಮೇಲೆ ಬಟ್ಟೆ. ವಯಸ್ಸಾದ ಹೆಂಗಸೊಬ್ಬರು ಕಾಳು ಆರಿಸುತ್ತಾ ಕೂತಿದ್ದರು. ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದ್ದೆ. ಕೈ ಮುಗಿದೆ. ಅವರು ನಕ್ಕು ಸ್ಟೂಲು ಎಳೆದು ಕೊಟ್ಟರು.

ಆಗ ಗೊತ್ತಾಯಿತು, ನನ್ನ ತಂಗಿ ಮಗಳ ಪ್ರಶ್ನೆಯೇ ಸರಿಯಿರಲಿಲ್ಲ. ಊರನ್ನು ಪೂರ್ತಿ ಬಿಟ್ಟು ಹೋಗಿರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಚೀಟಿ ಕೊಡುವವರೇ ಇಲ್ಲವಾದರು. 1992ರಲ್ಲಿ ಅಬ್ಖಾಜಿಯಾದಲ್ಲಿ, ಅಂದರೆ ಜಾರ್ಜಿಯಾದಿಂದ ಬೇರೆಯಾಗಲು ಹೊರಟ ಕಪ್ಪು ಸಮುದ್ರದ ದಡದ ಪ್ರಾಂತದಲ್ಲಿ, ಯುದ್ಧ ಶುರುವಾಯಿತು. 1993ರ ಸೆಪ್ಟೆಂಬರಿನಲ್ಲಿ ಅದರ ರಾಜಧಾನಿ ಸುಖುಮಿ ಅಬ್ಖಾಜಿಯನ್ನರ ಕೈಗೆ ಬಿತ್ತು. ಎರಡು ಲಕ್ಷಕ್ಕೂ ಜಾಸ್ತಿ ಜಾರ್ಜಿಯನ್ನರು ಮನೆ ಬಿಟ್ಟು ಓಡಿದರು. ಅವರಲ್ಲಿ ಸಾವಿರಾರು ಜನಕ್ಕೆ ತಲೆ ಮೇಲೆ ಸೂರಾಗಿದ್ದು ಖಾಲಿ ಬಿದ್ದಿದ್ದ ಈ ಸ್ಯಾನಿಟೋರಿಯಂಗಳೇ. ಕೆಲವು ದಿನಕ್ಕೆ ಅಂತ ಬಂದವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ದೊಡ್ಡವರಾದರು. ಎಷ್ಟೋ ಕುಟುಂಬಗಳಿಗೆ ಈಗ ಹೊಸ ಫ್ಲಾಟು ಸಿಕ್ಕಿದೆ. ನನಗೆ ಸ್ಟೂಲು ಕೊಟ್ಟ ಹೆಂಗಸೂ ಸುಖುಮಿಯವರೇ. ಹಿಮದ ಬೆಟ್ಟ ದಾಟಿ, ಮಗುವನ್ನು ಎತ್ತಿಕೊಂಡು ನಡೆದು ಬಂದೆ ಅಂದರು.

ಅದಕ್ಕೇ ಹೇಳುವುದು, ಬಾಗಿಲಿದ್ದರೂ ಇಲ್ಲದಿದ್ದರೂ ಮೊದಲು ಕೂಗಿ. ಒಗೆದ ಬಟ್ಟೆ, ಟಿವಿ ಡಿಶ್ಶು, ಗಿಡದ ಕುಂಡ, ಸೌದೆಯ ರಾಶಿ ಕಂಡರೆ ಅದು ಮನೆ. ಕೇಳದೆ ಫೋಟೊ ಬೇಡ. ಫೋಟೊ ತೆಗೆದರೆ ಪ್ರಿಂಟ್ ಹಾಕಿಸಿ ತಲುಪಿಸಿ. ಮಾತಾಡಿಸುವಾಗ ಯುದ್ಧದಿಂದ ಶುರು ಮಾಡಬೇಡಿ. ‘ನೀವು ಬಂದ ಮೊದಲ ದಿನ ಇಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ?’ ಅಂತ ಕೇಳಿ. ನಾನು ಅದನ್ನೇ ಕೇಳಿದೆ. ತಂಗಿ ಮಗಳು ಅರ್ಧ ಬಾಯಲ್ಲಿ, ಅರ್ಧ ಫೋನಿನಲ್ಲಿ ಅನುವಾದ ಮಾಡಿದಳು. ಬಕೆಟು, ಸರದಿ, ಚಳಿಗಾಲ, ಜಗಳ, ಆಮೇಲೆ ಆದ ಗೆಳೆತನ, ಎಲ್ಲ ಒಂದು ಗಂಟೆಯಲ್ಲಿ ಬಂತು. ಒಡೆದ ಕಿಟಕಿಗಳು ಹೇಳದಿದ್ದದ್ದು ಅದು.

ಹೋಗುವ ಮೊದಲು ಬೆಂಗಳೂರಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದು ಧರ್ಮಾಂಬುಧಿ ಕೆರೆಯ ನೆಲ ಅಂತ ನೆನೆದು, ನೀರು ಯಾವ ಕಡೆಯಿಂದ ಇಳಿದು ಬರುತ್ತಿತ್ತು ಅಂತ ರಸ್ತೆಗಳ ಇಳಿಜಾರು ನೋಡಿ ಹುಡುಕಿ. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ, ಅಲ್ಲೂ ಹೀಗೇ ಮಾಡಿ. ಎರಡು ಭಾನುವಾರ ಸಾಕು, ಕಣ್ಣು ಪಳಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಎರಡು ಪುಟ ಖಾಲಿ ಬಿಡಿ. ಮಾತಾಡಿಸಿದವರ ಕೈಯಲ್ಲೇ ಅವರ ಊರಿನ ಹೆಸರು ಬರೆಸಿಕೊಳ್ಳಿ. ಜಾರ್ಜಿಯನ್ ಅಕ್ಷರಗಳೂ ನಮ್ಮವುಗಳ ಹಾಗೆ ದುಂಡಗಿವೆ. ಆ ವಯಸ್ಸಾದ ಹೆಂಗಸು ‘ಸುಖುಮಿ’ ಅಂತ ಬರೆದು ಪೆನ್ನನ್ನು ನನಗೆ ಕೊಟ್ಟರು. ಅದರ ಕೆಳಗೆ ಕನ್ನಡದಲ್ಲಿ ‘ಬೆಂಗಳೂರು’ ಅಂತ ಬರೆದೆ. ಅವರು ಅದರ ಮೇಲೆ ಬೆರಳಾಡಿಸಿ, ಅಕ್ಷರ ಎಣಿಸಿದರು.