ಮೊದಲು ಬೀಳುವುದನ್ನು ಕಲಿಯಿರಿ, ಹೊಡೆಯುವುದು ಆಮೇಲೆ

ಸಂಜೆ ಐದೂವರೆ ಆಯಿತೆಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಬಿಳಿ ಕರಾಟೆ ಡ್ರೆಸ್ ಹಾಕಿದ ಮಕ್ಕಳು ಸ್ಕೂಟಿ ಹಿಂದೆ ಕೂತು ಹೋಗುವುದು ಕಾಣುತ್ತದೆ. ಬಿಡಲು ಬಂದ ಅಮ್ಮಂದಿರು ಗೇಟಿನ ಹೊರಗೆ ಒಂದು ಗಂಟೆ ಕಾಯುತ್ತಾರೆ. ನಾನೂ ಎರಡು ವರ್ಷ ಹಾಗೆ ಕಾದೆ. ಮೂವತ್ತೆಂಟನೇ ವಯಸ್ಸಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಮೊದಲು ಕರಾಟೆ, ಆಮೇಲೆ ಜೂಡೊ. ಈಗ ಆರು ವರ್ಷವಾಯಿತು. ‘ನಾನೂ ಸೇರಬಹುದಾ? ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವ ಹೆಣ್ಣುಮಕ್ಕಳಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬಹಳ ಕಡೆ ಮೊದಲ ದಿನವೇ ಪಂಚ್, ಕಿಕ್ ಶುರುವಾಗುತ್ತದೆ. ನೋಡುವುದಕ್ಕೂ ಚೆಂದ, ಫೋಟೊಗೂ ಚೆಂದ. ಆದರೆ ಹೆಂಗಸರಿಗೆ ಬೇಕಾದ ಕ್ರಮ ಬೇರೆ. ಮೊದಲು ಬೀಳುವುದು, ಆಮೇಲೆ ಕೂಗುವುದು, ಆಮೇಲೆ ಬಿಡಿಸಿಕೊಳ್ಳುವುದು. ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ.

ಎರಡು ದಿನ ಸುಮ್ನೆ ಕೂತು ನೋಡಿ

ಕರಾಟೆ ಜಪಾನಿನ ಓಕಿನಾವ ದ್ವೀಪದಲ್ಲಿ ಬೆಳೆದದ್ದು. ಕೈಯಿಂದ ಹೊಡೆಯುವುದು, ತಡೆಯುವುದು ಅದರಲ್ಲಿ ಜಾಸ್ತಿ. ಟೇಕ್ವಾಂಡೊದಲ್ಲಿ ಕಾಲಿಗೆ ಕೆಲಸ. ಜೂಡೊ ಹಿಡಿತ ಮತ್ತು ಎಸೆತದ ವಿದ್ಯೆ. ಜುಜುತ್ಸು ಎಂಬ ಜಪಾನಿನ ಹಳೆಯ ಕಾಳಗ ವಿದ್ಯೆಯ ಪಟ್ಟುಗಳನ್ನು ಆರಿಸಿ, ಸೋಸಿ, ಜಿಗೊರೊ ಕಾನೊ ಎಂಬ ಮೇಷ್ಟ್ರು 1882ರಲ್ಲಿ ಅದನ್ನು ಕಟ್ಟಿದರು. ನಮ್ಮೂರ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ನಮಗೆ ಜೂಡೊ ಬೇಗ ಅರ್ಥವಾಗುತ್ತದೆ. ನಮ್ಮ ಮೇಲೆ ಕೈ ಮಾಡುವವರು ಹೆಚ್ಚಾಗಿ ಹಿಡಿಯುತ್ತಾರೆ, ಎಳೆಯುತ್ತಾರೆ, ತಳ್ಳುತ್ತಾರೆ. ಅದಕ್ಕೇ ಹಿಡಿತ ಬಿಡಿಸುವುದನ್ನು ಕಲಿಸುವ ಕ್ಲಾಸ್ ಸಿಕ್ಕರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಕಲೆಗಿಂತ ಕಲಿಸುವವರು ಮುಖ್ಯ. ದುಡ್ಡು ಕಟ್ಟುವ ಮುಂಚೆ ಎರಡು ದಿನ ಮೂಲೆಯಲ್ಲಿ ಕೂತು ನೋಡಿ. ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ದೊಡ್ಡ ಹೆಂಗಸರು ಯಾರಾದರೂ ಕಲಿಯುತ್ತಿದ್ದಾರಾ? ಕಾಲು, ಸೊಂಟ ಸರಿಮಾಡಿಸುವಾಗ ಮಾಸ್ಟರ್ ‘ಮುಟ್ಟಲಾ?’ ಎಂದು ಕೇಳುತ್ತಾರಾ? ಯಾರಾದರೂ ‘ಸಾಕು’ ಎಂದರೆ ಜೊತೆಯವರು ತಕ್ಷಣ ಬಿಡುತ್ತಾರಾ? ನೆಲಕ್ಕೆ ದಪ್ಪ ಮ್ಯಾಟ್ ಇದೆಯಾ? ಗೋಡೆ ಮೇಲಿನ ಕಪ್, ಸರ್ಟಿಫಿಕೇಟ್‌ಗಿಂತ ನನಗೆ ಇವು ದೊಡ್ಡ ಗುರುತು.

ಮ್ಯಾಟ್ ವಿಷಯ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲು ಸೇರಿದ ಕಡೆ ಸಿಮೆಂಟ್ ನೆಲದ ಮೇಲೆ ಜಮಖಾನೆ ಹಾಸಿದ್ದರು. ಬೀಳುವುದನ್ನು ಹೇಳಿಕೊಡದೆ ಎರಡನೇ ದಿನವೇ ಎಸೆತ ಕಲಿಸಿದರು. ಬೀಳುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಎಡಗೈ ಊರಿದೆ. ಮಣಿಕಟ್ಟು ಬಾತುಕೊಂಡಿತು. ಮೂರು ವಾರ ರೊಟ್ಟಿ ತಟ್ಟಲು ಆಗಲಿಲ್ಲ. ‘ಹೆಂಗಸರ ಕೈ ನಾಜೂಕು ಅಲ್ವಾ’ ಎಂದರು ಅಲ್ಲಿ ಕಲಿಸುವವರು. ನನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಕಲಿಸಬೇಕಾದ್ದನ್ನು ಅವರು ಕಲಿಸಿರಲಿಲ್ಲ.

ನಿಮ್ಮ ಮಗಳು ಸರ್ಕಾರಿ ಶಾಲೆಯಲ್ಲಿದ್ದರೆ ಅಲ್ಲೂ ವಿಚಾರಿಸಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಇದೆ. ಅದು ಮೂರು ತಿಂಗಳದ್ದು.

ಬಳೆ, ಉಂಗುರ, ಓಲೆ ಮನೆಯಲ್ಲೇ ಬಿಟ್ಟು ಹೋಗಿ. ತಾಳಿ ತೆಗೆಯಲು ಮನಸ್ಸಿಲ್ಲದವರು ಟೀ ಶರ್ಟ್ ಒಳಗೆ ಹಾಕಿ ಮೇಲೆ ಟೇಪ್ ಅಂಟಿಸಿಕೊಳ್ಳುತ್ತಾರೆ. ಕಾಲುಂಗುರಕ್ಕೂ ಟೇಪ್ ಸುತ್ತಿ. ಉಗುರು ಕತ್ತರಿಸಿ. ಮಂಡಿನೋವು, ಬಿ.ಪಿ. ಇದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ಮುಟ್ಟಿನ ದಿನ ಹೋಗುವುದು ಬಿಡುವುದು ನಿಮ್ಮಿಷ್ಟ, ಕಾರಣ ಯಾರಿಗೂ ಹೇಳಬೇಕಾಗಿಲ್ಲ.

ಬೀಳುವುದು

ಜಪಾನಿ ಭಾಷೆಯಲ್ಲಿ ಇದಕ್ಕೆ ‘ಉಕೆಮಿ’ ಎನ್ನುತ್ತಾರೆ. ಬೀಳುವ ಹೆದರಿಕೆ ಹೋಗದೆ ಮೈ ಸಡಿಲ ಆಗುವುದಿಲ್ಲ. ಮೈ ಸಡಿಲ ಆಗದೆ ಮುಂದಿನ ಯಾವುದೂ ಬರುವುದಿಲ್ಲ.

ಮ್ಯಾಟ್ ಮೇಲೆ ಕಾಲು ಚಾಚಿ ಕೂರಿ. ಗದ್ದವನ್ನು ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲಿರಲಿ. ತಲೆಯ ಹಿಂಭಾಗ ನೆಲಕ್ಕೆ ಬಡಿಯದೆ ಇರುವುದು ಇದರಿಂದಲೇ. ಎರಡೂ ಕೈ ಎದೆ ಮುಂದೆ ಕತ್ತರಿ ಹಾಕಿ. ಬೆನ್ನನ್ನು ತೊಟ್ಟಿಲಿನ ಅಡಿಯ ಹಾಗೆ ಬಾಗಿಸಿ ಹಿಂದಕ್ಕೆ ಉರುಳಿ. ಬೆನ್ನು ನೆಲ ಮುಟ್ಟುವ ಗಳಿಗೆಗೆ ಎರಡೂ ಕೈಯನ್ನು ಮೈಯಿಂದ ಸುಮಾರು 45 ಡಿಗ್ರಿ ದೂರಕ್ಕೆ ಬಿಡಿಸಿ, ಅಂಗೈಯಿಂದ ಮೊಳಕೈವರೆಗೆ ಒಟ್ಟಿಗೆ ‘ಧಪ್’ ಎಂದು ನೆಲಕ್ಕೆ ಬಡಿಯಿರಿ. ಅದೇ ಹೊತ್ತಿಗೆ ಉಸಿರು ಹೊರಗೆ ಬಿಡಿ. ಮೈಯ ಭಾರ ಒಂದೇ ಮೂಳೆಯ ಮೇಲೆ ಬೀಳದೆ ಹಂಚಿಹೋಗುತ್ತದೆ.

ಒಂದು ವಾರ ಕೂತು ಮಾಡಿ. ಆಮೇಲೆ ಕುಕ್ಕರುಗಾಲಿನಲ್ಲಿ. ಅದು ಸಲೀಸಾದ ಮೇಲೆ ನಿಂತು. ದಿನಕ್ಕೆ ಇಪ್ಪತ್ತು ಸಲ ಸಾಕು. ಅವಸರ ಬೇಡ. ಹೋದ ವರ್ಷ ಮಳೆಯಲ್ಲಿ ನಮ್ಮ ಹಿತ್ತಲಿನ ಕಡಪ ಕಲ್ಲಿನ ಮೇಲೆ ಜಾರಿದೆ. ಯೋಚನೆ ಮಾಡುವ ಮುಂಚೆಯೇ ಗದ್ದ ಎದೆಗೆ ಹೋಗಿತ್ತು. ಸೊಂಟ ನೋಯಿತು, ತಲೆಗೆ ಏನೂ ಆಗಲಿಲ್ಲ.

‘ಈ ಮೈ ಇಟ್ಟುಕೊಂಡು, ಈ ವಯಸ್ಸಲ್ಲಾ?’ ಎಂದು ಅನುಮಾನ ಪಡುವವರಿಗೆ ನಾನು ಕೇಕೊ ಫುಕುದಾ ಅವರ ಕತೆ ಹೇಳುತ್ತೇನೆ. ಐದಡಿಯೂ ಇಲ್ಲದ ಜಪಾನಿನ ಹೆಂಗಸು. 1935ರಲ್ಲಿ ಕಾನೊ ಅವರ ಬಳಿಯೇ ಜೂಡೊ ಕಲಿಯಲು ಸೇರಿದರು. ಡಾನ್ ಎಂದರೆ ಬ್ಲ್ಯಾಕ್ ಬೆಲ್ಟಿನ ದರ್ಜೆ. ಹೆಂಗಸರಿಗೆ ಐದನೇ ಡಾನ್‌ಗಿಂತ ಮೇಲೆ ಕೊಡುವುದಿಲ್ಲ ಎಂಬ ಕಟ್ಟಳೆಯಿಂದ ವರ್ಷಗಟ್ಟಲೆ ಅಲ್ಲೇ ನಿಂತರು. 1972ರಲ್ಲಿ ಆರನೇ ಡಾನ್ ಸಿಕ್ಕಿತು. 2011ರಲ್ಲಿ, 98ನೇ ವಯಸ್ಸಿನಲ್ಲಿ, ಅಮೆರಿಕದ ಜೂಡೊ ಸಂಸ್ಥೆ ಹತ್ತನೇ ಡಾನ್ ಕೊಟ್ಟಿತು. ಆ ವಯಸ್ಸಿನಲ್ಲೂ ಅವರು ಕಲಿಸುತ್ತಿದ್ದರು.

ಕೂಗುವುದು

ಇದು ಸುಲಭ ಅನಿಸುತ್ತದೆ. ಮಾಡಿ ನೋಡಿ. ನಮ್ಮ ಕ್ಲಾಸಿಗೆ ಬಂದ ಎಷ್ಟೋ ಹೆಂಗಸರ ಮೊದಲ ಕೂಗು ಕೆಮ್ಮಿನಷ್ಟೇ ಇರುತ್ತದೆ. ‘ಮೆಲ್ಲಗೆ ಮಾತಾಡೇ’ ಎಂದು ಕೇಳಿಕೊಂಡೇ ಬೆಳೆದ ಗಂಟಲು, ಪಾಪ, ಏನು ಮಾಡೀತು.

ಕಾಲು ಅಗಲಿಸಿ ನಿಲ್ಲಿ. ಒಂದು ಕಾಲು ಸ್ವಲ್ಪ ಹಿಂದೆ. ಎರಡೂ ಅಂಗೈ ಎದೆಯೆತ್ತರಕ್ಕೆ, ಎದುರಿನವರ ಕಡೆಗೆ. ಹೊಟ್ಟೆ ಬಿಗಿಹಿಡಿದು ಅಲ್ಲಿಂದ ದನಿ ತೆಗೆಯಿರಿ. ಮಾತು ಎರಡೇ ಇರಲಿ: ‘ಹಿಂದೆ ಸರಿ!’ ‘ಕೈ ತೆಗಿ!’

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ನಾಲಿಗೆಗೆ ‘ರೀ’ ಅಂಟಿಕೊಂಡಿದೆ. ಗುರುತಿಲ್ಲದವನು ಕೈ ಹಿಡಿದರೂ ‘ಬಿಡ್ರೀ’ ಎಂದೇ ಬರುತ್ತದೆ. ಅದು ಕೇಳಿಕೊಂಡ ಹಾಗೆ ಇರುತ್ತದೆ. ಏಕವಚನವನ್ನೇ ಬಾಯಿ ಕಲಿಯಬೇಕು. ನಾವು ಕ್ಲಾಸಿನಲ್ಲಿ ಹತ್ತು ನಿಮಿಷ ಬರೀ ‘ಬಿಡು’ ಎಂದು ಕೂಗುತ್ತೇವೆ.

ಆದರೆ ಕೈ ಮಾಡುವವನು ಬಹಳ ಸಲ ಗುರುತಿನವನೇ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕಿಂತ ಹೆಚ್ಚು ಆರೋಪಿಗಳು ಹೆಣ್ಣಿಗೆ ಮೊದಲೇ ಪರಿಚಯ ಇರುವವರು. ಕತ್ತಲ ಸಂದಿಯ ಅಪರಿಚಿತನಿಗಾಗಿ ಮಾತ್ರ ತಯಾರಿ ಮಾಡಿದರೆ ಆಗುವುದಿಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ಒಂದು ಅಧ್ಯಯನ ಮಾಡಿದ್ದರು. ಅದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಹುಡುಗಿಯರಿಗೆ 12 ಗಂಟೆಯ ತರಬೇತಿ. ಪಟ್ಟುಗಳ ಜೊತೆಗೆ, ಪರಿಚಯದವನಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, ಸಂಕೋಚ ಬಿಟ್ಟು ಬೇಡ ಎನ್ನುವುದು ಅದರಲ್ಲಿತ್ತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿ ಪಡೆದವರಲ್ಲಿ ಶೇ 5.2, ಉಳಿದವರಲ್ಲಿ ಶೇ 9.8.

ಅದಕ್ಕೇ ಗುರುತಿನವರಿಗೆ ಹೇಳುವ ಮಾತನ್ನೂ ಅಭ್ಯಾಸ ಮಾಡಿ. ‘ಮಾವ, ಕೈ ತೆಗೀರಿ.’ ‘ಸರ್, ದೂರ ಕೂತು ಮಾತಾಡಿ.’ ಇಲ್ಲಿ ‘ರೀ’ ಇದ್ದರೂ ಪರವಾಗಿಲ್ಲ. ಮಾತಿನ ಕೊನೆಗೆ ಅಭ್ಯಾಸಬಲದಿಂದ ಬರುವ ನಗು ಮಾತ್ರ ಬೇಡ. ಹೇಳಿದ್ದು ಒಂದು ಸಲಕ್ಕೆ ಕೇಳದಿದ್ದರೆ ಎರಡನೇ ಸಲ ಅಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿ.

ಬಿಡಿಸಿಕೊಳ್ಳುವುದು

ಮಣಿಕಟ್ಟು ಹಿಡಿದವರ ಕೈ ನೋಡಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಹೆಬ್ಬೆರಳಿನ ತುದಿಗೂ ಬೆರಳುಗಳ ತುದಿಗೂ ನಡುವೆ ಒಂದು ಸಂದು ಇರುತ್ತದೆ. ನಿಮ್ಮ ಕೈಗೆ ಅದೇ ಬಾಗಿಲು.

ಎದುರಿನವರು ಎಡಗೈಯಿಂದ ನಿಮ್ಮ ಬಲಗೈ ಹಿಡಿದಿದ್ದಾರೆ ಎಂದುಕೊಳ್ಳಿ. ಆಗ ಅವರ ಹೆಬ್ಬೆರಳು ನಿಮ್ಮ ಹೊಟ್ಟೆಯ ಕಡೆಗಿರುತ್ತದೆ. ಮೊದಲು ಅವರ ಕಡೆಗೆ ಒಂದು ಹೆಜ್ಜೆ ಇಡಿ. ಎಲ್ಲರೂ ಹಿಂದಕ್ಕೆ ಎಳೆಯುತ್ತಾರೆ. ಎಳೆದರೆ ಅವರ ಬಲಕ್ಕೂ ನಿಮ್ಮ ಬಲಕ್ಕೂ ಜಗ್ಗಾಟ, ಅಷ್ಟೇ. ಹೆಜ್ಜೆ ಇಟ್ಟು, ಮಣಿಕಟ್ಟಿನ ತೆಳುವಾದ ಅಂಚು ಆ ಸಂದಿಗೆ ಬರುವಂತೆ ಕೈ ತಿರುಗಿಸಿ. ಮೊಳಕೈಯನ್ನು ಅವರ ಕಡೆಗೆ ದೂಡುತ್ತಾ, ಮುಷ್ಟಿಯನ್ನು ನಿಮ್ಮ ಎಡಭುಜಕ್ಕೆ ತನ್ನಿ. ಸೊಂಟವೂ ಜೊತೆಗೆ ತಿರುಗಲಿ. ಕೈ ಜಾರಿ ಬರುತ್ತದೆ. ಅವರು ಬಲಗೈಯಿಂದ ನಿಮ್ಮ ಬಲಗೈ ಹಿಡಿದಿದ್ದರೆ ಹೆಬ್ಬೆರಳು ಹೊರಗಡೆಗೆ ಇರುತ್ತದೆ. ಆಗ ಹೊರಗಡೆಗೆ ತಿರುಗಿಸಿ.

ಎರಡೂ ಕೈಯಿಂದ ನಿಮ್ಮ ಒಂದು ಕೈ ಹಿಡಿದರೆ ಬೇರೆ ಉಪಾಯ. ಖಾಲಿ ಇರುವ ಕೈಯನ್ನು ಅವರ ಎರಡು ತೋಳುಗಳ ನಡುವೆ ತೂರಿಸಿ, ನಿಮ್ಮದೇ ಮುಷ್ಟಿ ಹಿಡಿದು ಮೇಲಕ್ಕೆ, ಭುಜದ ಕಡೆಗೆ ಎಳೆದುಕೊಳ್ಳಿ. ಜಡೆ ಹಿಡಿದರೆ ಎರಡೂ ಕೈಯಿಂದ ಅವರ ಕೈಯನ್ನೇ ನಿಮ್ಮ ತಲೆಗೆ ಒತ್ತಿಕೊಳ್ಳಿ. ಕೂದಲು ಜಗ್ಗುವ ನೋವು ತಗ್ಗುತ್ತದೆ, ಯೋಚಿಸಲು ಒಂದು ಗಳಿಗೆ ಸಿಗುತ್ತದೆ. ವೇಲ್ ಹಿಡಿದರೆ ವೇಲ್ ಬಿಟ್ಟು ಓಡಿ.

ಬಿಡಿಸಿಕೊಂಡ ಮೇಲೆ ನಿಲ್ಲಬೇಡಿ. ಜನ ಇರುವ ಕಡೆ, ದೀಪ ಇರುವ ಅಂಗಡಿ ಕಡೆ ಓಡಿ.

ಓದಿದರೆ ಎರಡು ನಿಮಿಷದ ವಿಷಯ. ಮೈಗೆ ಹತ್ತಲು ತಿಂಗಳುಗಳೇ ಬೇಕು. ಮೊದಲ ವಾರಗಳಲ್ಲಿ ಜೊತೆಯವರು ಸಡಿಲವಾಗಿ ಹಿಡಿಯುತ್ತಾರೆ, ಎಲ್ಲವೂ ಚೆನ್ನಾಗಿ ಬರುತ್ತದೆ. ಆಮೇಲೆ ನಿಜವಾಗಿ ಬಿಗಿ ಹಿಡಿಯಲು ಹೇಳಿ. ಆಗ ಬರುವುದಿಲ್ಲ. ಅಲ್ಲಿಂದ ಕಲಿಕೆ ಶುರು. ವಾರಕ್ಕೆ ಎರಡು ದಿನ, ದಿನಕ್ಕೊಂದು ಗಂಟೆ, ಕಡಿಮೆ ಎಂದರೆ ಆರು ತಿಂಗಳು ಕೊಡಿ. ಒಂದು ದಿನದ ಶಿಬಿರ ಧೈರ್ಯ ಕೊಡುತ್ತದೆ, ಆದರೆ ಮೈ ಅದನ್ನು ಬೇಗ ಮರೆಯುತ್ತದೆ.

ಹೊಡೆಯಲೇಬೇಕಾದರೆ

ಅಭ್ಯಾಸ ಇಲ್ಲದವರು ಮುಷ್ಟಿಯಿಂದ ಮುಖಕ್ಕೆ ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯಬಹುದು. ಅಂಗೈಯ ಬುಡ ಬಳಸಿ. ರೊಟ್ಟಿ ತಟ್ಟುವಾಗ ಮಣಿಕಟ್ಟಿನ ಹತ್ತಿರ ಗಟ್ಟಿ ದಿಂಡು ಸಿಗುತ್ತದಲ್ಲ, ಅದೇ ಜಾಗ. ಬೆರಳು ಹಿಂದಕ್ಕೆ ಬಾಗಿಸಿ, ಗದ್ದಕ್ಕೋ ಮೂಗಿಗೋ ಕೆಳಗಿನಿಂದ ಮೇಲಕ್ಕೆ. ತೀರಾ ಹತ್ತಿರ ಬಂದರೆ ತೊಡೆಸಂದಿಗೆ ಮಂಡಿ. ಹಿಂದಿನಿಂದ ಅಪ್ಪಿ ಹಿಡಿದರೆ ಹಿಮ್ಮಡಿಯಿಂದ ಪಾದದ ಮೇಲೆ ತುಳಿತ.

ಮುಷ್ಟಿಯನ್ನು ಮೇಲಿಂದ ಕೆಳಕ್ಕೆ ಕುಟ್ಟುವ ಹೊಡೆತವೂ ಇದೆ. ಒನಕೆ ಹಿಡಿದವರಿಗೆ ಅದು ಗೊತ್ತು, ಬಲ ತೋಳಿನದಲ್ಲ, ಸೊಂಟದ್ದು. ನಮ್ಮೂರಿನಿಂದ ಒಂದು ಗಂಟೆಯ ದಾರಿ ಚಿತ್ರದುರ್ಗ. ಕೋಟೆಗೆ ಹೋದಾಗಲೆಲ್ಲ ನಾನು ಓಬವ್ವನ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೈದರನ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿಯೇ ನುಸುಳಬೇಕಿತ್ತು, ಬಗ್ಗಿಕೊಂಡು. ಆಕೆ ನಿಂತ ಜಾಗ ಅರ್ಧ ಕೆಲಸ ಮಾಡಿತು. ಕೈಯಲ್ಲಿದ್ದದ್ದು ದಿನಾ ಹಿಡಿದು ಪಳಗಿದ ಒನಕೆ. 2021ರಿಂದ ನವೆಂಬರ್ 11ರಂದು ಸರ್ಕಾರ ಆಕೆಯ ಜಯಂತಿ ಮಾಡುತ್ತಿದೆ. ಹೂವಿನ ಹಾರ ಹಾಕುವುದರ ಜೊತೆಗೆ ಆಕೆ ನಿಂತ ರೀತಿಯನ್ನೂ ಹುಡುಗಿಯರಿಗೆ ತೋರಿಸಬೇಕು ಎಂದು ನನಗೆ ಬಹಳ ಆಸೆ.

‘ಹೊಡೆದರೆ ನನ್ನ ಮೇಲೇ ಕೇಸ್ ಆಗಲ್ವಾ?’ ಎಂದು ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಕಾಪಾಡಿಕೊಳ್ಳಲು ಬೇಕಾದಷ್ಟು ಬಲ ಬಳಸಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಅತ್ಯಾಚಾರ, ಆಸಿಡ್ ದಾಳಿಯಂಥ ಸಂದರ್ಭದಲ್ಲಿ ಈ ಹಕ್ಕು ಎದುರಾಳಿಯ ಪ್ರಾಣದವರೆಗೂ ಹೋಗುತ್ತದೆ. ಅವನು ಬಿದ್ದ ಮೇಲೆ ಸಿಟ್ಟಿಗೆ ಇನ್ನೂ ನಾಲ್ಕು ಬಾರಿಸಿದರೆ ಅದು ರಕ್ಷಣೆ ಅನಿಸಿಕೊಳ್ಳುವುದಿಲ್ಲ. ಓಡಿ, 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಎರಡನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿ.

ಮನೆಯಲ್ಲಿ

ಕ್ಲಾಸ್ ಇಲ್ಲದ ದಿನ ಮನೆಯವರ ಜೊತೆ ಐದು ನಿಮಿಷ ಸಾಕು. ನನ್ನ ಮಗಳು ಹೇಳದೆ ಕೇಳದೆ ಬಂದು ಮಣಿಕಟ್ಟು ಹಿಡಿಯುತ್ತಾಳೆ. ನಾನು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಫೋನಿನಲ್ಲಿ ಮಾತಾಡುವಾಗ. ಒಲೆ ಮುಂದೆ ಇರುವಾಗ ಮಾತ್ರ ಬೇಡ ಎಂದು ಒಪ್ಪಂದ. ಹೀಗೆ ಹಿಡಿಸಿಕೊಂಡಾಗಲೇ ಗೊತ್ತಾಗುವುದು, ಮ್ಯಾಟ್ ಮೇಲೆ ಬಂದದ್ದು ಚಪ್ಪಲಿ ಹಾಕಿಕೊಂಡಾಗ, ಸೀರೆ ಉಟ್ಟಾಗ ಬರುತ್ತದಾ ಎಂದು. ಸೀರೆಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಅದಕ್ಕೆ ಸೊಂಟ ಜಾಸ್ತಿ ತಿರುಗಿಸಬೇಕು. ನಾನು ತಿಂಗಳಿಗೊಮ್ಮೆ ಸೀರೆಯಲ್ಲೇ ಅಭ್ಯಾಸ ಮಾಡುತ್ತೇನೆ.

ಒಂದು ನಿಯಮ ಮಾತ್ರ ಮನೆಯಲ್ಲೂ ತಪ್ಪಬಾರದು. ನೋವಾದರೆ ಜೊತೆಯವರ ಮೈಗೋ ನೆಲಕ್ಕೋ ಎರಡು ಸಲ ತಟ್ಟಬೇಕು. ತಟ್ಟಿದ ತಕ್ಷಣ ಬಿಡಬೇಕು. ಏಳು ವರ್ಷದ ಮಗುವಿನಿಂದ ಮಾಸ್ಟರ್‌ವರೆಗೆ ಎಲ್ಲರಿಗೂ ಇದೇ ನಿಯಮ. ಮೊದಲ ದಿನ ಕ್ಲಾಸಿಗೆ ಹೋದಾಗ ಮೊದಲು ಇದನ್ನೇ ಕೇಳಿ ತಿಳಿದುಕೊಳ್ಳಿ.